ವೈಫೈ ಉಂಟು, ನೆಟ್ ಇಲ್ಲ

(ಕಾಸರಗೋಡಿನ ಪೆರ್ಲ ಮತ್ತು ಬದಿಯಡ್ಕದ ನಡುವೆ ಇರುವ ನಮ್ಮೂರ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹರೂಪ. ಹಲಗೆಯ ಮೇಲೆ ಗೀಚಿದ ಚಿತ್ರಗಳು ಇಲ್ಲಿಲ್ಲದ ಕಾರಣ ಅಲ್ಲಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎಂಟೂವರೆಗೆ ನನ್ನ ಸೋದರತ್ತೆಯ ಫೋನು. "ಮಗಾ, ವೈಫೈ ಉಂಟು, ನೆಟ್ ಇಲ್ಲ. ಇದು ಎಂಥ ಕಥೆ?" ಅತ್ತೆಯ ಮಗಳು ದುಬೈಯಲ್ಲಿ. ಎಂಟೂವರೆಗೆ ವೀಡಿಯೊ ಕಾಲ್ ಬರಬೇಕು, ಬರಲಿಲ್ಲ ಅಂದರೆ ಅತ್ತೆಗೆ ಊಟ ಸೇರುವುದಿಲ್ಲ. ನಾನು ಕೇಳಿದೆ: "ಅತ್ತೆ, ಡಬ್ಬಿಯಲ್ಲಿ ಕೆಂಪು ಲೈಟು ಉಂಟಾ?" ಅತ್ತೆ ಹೇಳಿದರು: "ಯಾವ ಡಬ್ಬಿ? ಇಲ್ಲಿ ಎರಡು ಡಬ್ಬಿ ಉಂಟು. ಒಂದರಲ್ಲಿ ಲೈಟೇ ಇಲ್ಲ."

ನಾನು ಇವತ್ತು ಒಂದು ಗಂಟೆ ಹೇಳಬೇಕೆಂದು ಬಂದದ್ದನ್ನು ಅತ್ತೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದರು. ಆ ಹೊತ್ತಿಗೆ ಅವರಲ್ಲಿ ಕರೆಂಟು ಹೋಗಿತ್ತು. ಚಾವಡಿಯಲ್ಲಿದ್ದ, ಮನೆಯೊಳಗೆ ನೆಟ್ ಹಂಚುವ ರೂಟರ್ ಇನ್ವರ್ಟರಿನ ಲೈನಿನಲ್ಲಿತ್ತು, ಅದು ಉರಿಯುತ್ತಿತ್ತು. ಜಗಲಿಯ ಮೂಲೆಯಲ್ಲಿದ್ದ, ಹೊರಗಿನಿಂದ ನೆಟ್ ತರುವ ಮೋಡೆಮ್ ನೇರ ಕರೆಂಟಿನ ಪ್ಲಗ್ಗಿನಲ್ಲಿತ್ತು, ಅದು ಸತ್ತು ಮಲಗಿತ್ತು. ಅತ್ತೆಯ ಮೊಬೈಲಿಗೆ ಕಾಣುವುದು ರೂಟರ್ ಮಾತ್ರ. ಅದು ವೈಫೈಯ ಗೀಟುಗಳನ್ನು ಪೂರ್ತಿ ತೋರಿಸುತ್ತಿತ್ತು. ಸುಳ್ಳೂ ಅಲ್ಲ. ವೈಫೈ ಇತ್ತು. ನೆಟ್ ಇರಲಿಲ್ಲ.

ನಾನು ಕಂಪ್ಯೂಟರ್ ಮೇಷ್ಟ್ರಲ್ಲ. ಮಂಗಳೂರಿನಲ್ಲಿ ಕೆಲವು ವರ್ಷ ಕಚೇರಿಗಳಿಗೆ ಕೇಬಲ್ ಎಳೆಯುವ, ರೂಟರ್ ಕೂರಿಸುವ ಕೆಲಸ ಮಾಡಿ, ಈಗ ತೋಟದಲ್ಲಿದ್ದೇನೆ. ಅಡಕೆ ಸುಲಿಯುವ ಹೊತ್ತಿನಲ್ಲೂ ಜನ ಫೋನು ಮಾಡಿ ಇದನ್ನೇ ಕೇಳುತ್ತಾರೆ. ನನ್ನ ವಾದ ಇಷ್ಟೇ: ಹೊರಗಿನಿಂದ ನೆಟ್ ತರುವ ಡಬ್ಬಿ ಬೇರೆ ಇರಲಿ, ಮನೆಯೊಳಗೆ ಹಂಚುವ ಡಬ್ಬಿ ಬೇರೆ ಇರಲಿ. ಮೊದಲನೆಯದು ಕೇಬಲಿನವರದ್ದು, ಎರಡನೆಯದು ನಿಮ್ಮದು. ಈಗ ಹೆಚ್ಚಿನ ಮನೆಗಳಲ್ಲಿ ಎರಡೂ ಕೆಲಸ ಮಾಡುವ ಒಂದೇ ಡಬ್ಬಿಯನ್ನು ಹುಡುಗ ಬಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋಗುತ್ತಾನೆ. ಅದೂ ನಡೆಯುತ್ತದೆ. ಸಣ್ಣ ಮನೆಗೆ, ಎರಡು ಮೊಬೈಲಿಗೆ ಅದು ಧಾರಾಳ ಸಾಕು. ನಮ್ಮ ಕಡೆಯ ಮನೆಗಳು ಹಾಗಿಲ್ಲವಲ್ಲ.

ಇಲ್ಲಿ ಕುಳಿತವರಲ್ಲಿ ಸುರಂಗ ನೋಡದವರು ಯಾರೂ ಇರಲಿಕ್ಕಿಲ್ಲ. ಬಾಯಾರು, ಪಡ್ರೆ ಕಡೆಯವರಿಗಂತೂ ಹೇಳಬೇಕಾಗಿಯೇ ಇಲ್ಲ. ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದುಕೊಂಡು ಹೋದರೆ ಒಳಗೆಲ್ಲೋ ಒಸರು ಸಿಗುತ್ತದೆ. ನೀರು ತಾನಾಗಿ ಹೊರಗೆ ಬರುತ್ತದೆ. ಹಿಂದಿನವರು ಅದನ್ನು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಟಾಂಕಿಗೆ ತರುತ್ತಿದ್ದರು, ಈಗ ಪೈಪಿನಲ್ಲಿ ತರುತ್ತೇವೆ. ಟಾಂಕಿಯಿಂದ ಆಚೆಗೆ ಅಡುಗೆಮನೆಗೆ ಒಂದು, ಕೊಟ್ಟಿಗೆಗೆ ಒಂದು, ತೋಟಕ್ಕೆ ಒಂದು ಲೈನು. ಸುರಂಗದಿಂದ ಟಾಂಕಿಯವರೆಗಿನದ್ದು ತರುವ ಕೆಲಸ. ಟಾಂಕಿಯಿಂದ ನಲ್ಲಿಯವರೆಗಿನದ್ದು ಹಂಚುವ ಕೆಲಸ. ಮೋಡೆಮ್ ತರುತ್ತದೆ, ರೂಟರ್ ಹಂಚುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ನೇರ ಗುಡ್ಡ ಹತ್ತುವುದಿಲ್ಲ, ಮೊದಲು ಟಾಂಕಿ ಇಣುಕಿ ನೋಡುತ್ತೇವೆ. ನೆಟ್ ಹೋದಾಗ ಮಾತ್ರ ಎಲ್ಲರೂ ಮೊದಲು ಕೇಬಲಿನವನಿಗೆ ಬಯ್ಯುತ್ತಾರೆ.

ಮೋಡೆಮ್ ಎಂಬ ಹೆಸರು ಎಲ್ಲಿಂದ ಬಂತು ಅಂತ ಒಂದು ಮಾತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ವಿಎಸ್‌ಎನ್‌ಎಲ್ ಮೂಲಕ. ಆಗ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಆ ತಂತಿ ಮನುಷ್ಯರ ಸ್ವರಕ್ಕೆಂದು ಎಳೆದದ್ದು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಸ್ವರವಾಗಿ ಮಾಡುವುದು ಮಾಡ್ಯುಲೇಶನ್, ಸ್ವರವನ್ನು ಮತ್ತೆ ಸೊನ್ನೆ-ಒಂದು ಮಾಡುವುದು ಡಿಮಾಡ್ಯುಲೇಶನ್. ಎರಡರ ತಲೆಗಳನ್ನು ಕತ್ತರಿಸಿ ಜೋಡಿಸಿದರೆ ಮೋಡೆಮ್. ಅದು ಕಿರ್ರ್ ಕೀಂ ಎಂದು ಕೂಗುತ್ತಿದ್ದದ್ದು ನಿಜಕ್ಕೂ ಎರಡು ಮೋಡೆಮ್‌ಗಳು ಮಾತಾಡಿಕೊಳ್ಳುತ್ತಿದ್ದ ಸ್ವರವೇ. ಆಮೇಲೆ ಅದೇ ತಂತಿಯಲ್ಲಿ ಫೋನೂ ನೆಟ್ಟೂ ಒಟ್ಟಿಗೆ ಬರುವ ಬ್ರಾಡ್‌ಬ್ಯಾಂಡ್ ಬಂತು. ಗೋಡೆಯ ಬಳಿ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ನೆನಪಿರಬಹುದು. ಈಗ ಬರುತ್ತಿರುವುದು ಫೈಬರ್. ಸರಿಯಾಗಿ ಹೇಳುವುದಾದರೆ ಇದರ ಡಬ್ಬಿಯ ಹೆಸರು ಒಎನ್‌ಟಿ, ಕೆಲವರು ಒಎನ್‌ಯು ಅನ್ನುತ್ತಾರೆ. ಊರಲ್ಲಿ ಎಲ್ಲರೂ ಮೋಡೆಮ್ ಅನ್ನುತ್ತಾರೆ, ನಾನೂ ಇವತ್ತು ಹಾಗೇ ಅನ್ನುತ್ತೇನೆ. ಪೇಟೆಯಲ್ಲಿ ನಿಂತು "ಒಎನ್‌ಟಿ ಕೊಡಿ" ಅಂದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ.

ಫೈಬರ್ ಅಂದರೆ ಕೂದಲಿನಷ್ಟು ತೆಳು ಗಾಜಿನ ಎಳೆ. ಅದರಲ್ಲಿ ಓಡುವುದು ಬೆಳಕು. ನಮ್ಮ ಕಡೆಗೆ ಬರುವುದು 1490 ನ್ಯಾನೊಮೀಟರಿನ ಬೆಳಕಿನಲ್ಲಿ, ನಮ್ಮಿಂದ ಹೋಗುವುದು 1310ರಲ್ಲಿ. ಬೇರೆ ಬೇರೆ ಬಣ್ಣ ಎಂದುಕೊಳ್ಳಿ, ಅದಕ್ಕೇ ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ ಡಿಕ್ಕಿಯಾಗುವುದಿಲ್ಲ. ಎರಡೂ ನಮ್ಮ ಕಣ್ಣಿಗೆ ಕಾಣದ ಬೆಳಕು. ಕಾಣುವುದಿಲ್ಲ ಎಂದು ಕಣ್ಣ ಹತ್ತಿರ ಹಿಡಿದು ಇಣುಕಬೇಡಿ, ಮಕ್ಕಳಿಗೂ ಹೇಳಿಡಿ. ಪೇಟೆಯಿಂದ ಬಂದ ಒಂದು ಎಳೆಯನ್ನು ಕಂಬದ ಮೇಲಿನ ಸ್ಪ್ಲಿಟರಿನಲ್ಲಿ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಸೀಳಿರುತ್ತಾರೆ. ಕೆಳಗೆ ಬರುವ ಮಾಹಿತಿ ಎಲ್ಲ ಮನೆಗೂ ಬರುತ್ತದೆ. ನಿಮ್ಮ ಡಬ್ಬಿ ತನ್ನದನ್ನು ಮಾತ್ರ ಬಿಡಿಸಿ ತೆಗೆದುಕೊಳ್ಳುತ್ತದೆ. ಮೇಲೆ ಕಳಿಸುವಾಗ ಪ್ರತಿ ಮನೆಗೂ ಸೆಕೆಂಡಿನ ಸಣ್ಣ ಸಣ್ಣ ಪಾಲು. ತೋಟಕ್ಕೆ ನೀರು ಬಿಡಲು ಪಾಳಿ ಹಾಕಿಕೊಂಡ ಹಾಗೆ. ಪಾಳಿ ತಪ್ಪಿ ಒಬ್ಬ ನುಗ್ಗಿದರೆ ಉಳಿದವರದ್ದೆಲ್ಲ ಕೆಡುತ್ತದೆ. ಆದ್ದರಿಂದಲೇ ಕಂಪೆನಿಯವರು ಪ್ರತಿ ಡಬ್ಬಿಯ ಸೀರಿಯಲ್ ನಂಬರನ್ನು ಬರೆದಿಟ್ಟುಕೊಂಡಿರುತ್ತಾರೆ. ನೀವೇ ಒಂದು ಮೋಡೆಮ್ ಕೊಂಡು ತಂದು ಸಿಕ್ಕಿಸಿದರೆ ಸಾಧಾರಣವಾಗಿ ನಡೆಯುವುದಿಲ್ಲ. ಅದು ಅವರ ಆಸ್ತಿ, ಅವರ ಜವಾಬ್ದಾರಿ. ಅದರಲ್ಲಿ ಎಲ್‌ಒಎಸ್ ಎಂದು ಬರೆದ ಲೈಟು ಕೆಂಪಾದರೆ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ಮರ ಬಿದ್ದಿದೆ, ಇಲ್ಲವೇ ಅಳಿಲು ಕಡಿದಿದೆ. ಆಗ ರೂಟರನ್ನು ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ, ಫೋನು ಮಾಡುವುದೇ ದಾರಿ.

ಇನ್ನು ರೂಟರ್. ಇದು ಮನೆಯ ಯಜಮಾನ. ಹೇಗೆಂದರೆ, ನಮ್ಮ ವಿಳಾಸ ಬರೆಯುವ ಕ್ರಮ ನೋಡಿ. ಬೀದಿ ಇಲ್ಲ, ಮನೆ ನಂಬರು ಯಾರಿಗೂ ನೆನಪಿಲ್ಲ. ಮನೆಯ ಹೆಸರು, ಅಂಚೆ, ವಯಾ, 671ರಿಂದ ಶುರುವಾಗುವ ಪಿನ್. ಪೋಸ್ಟಿನವನಿಗೆ ಮನೆ ಗೊತ್ತು. ಮನೆಯೊಳಗೆ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆಂದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಾಗದ ಜಗಲಿಗೆ ಬರುತ್ತದೆ, ಅಜ್ಜ ಕನ್ನಡಕ ಏರಿಸಿ ನೋಡಿ ಇದು ದೊಡ್ಡ ಸೊಸೆಯದ್ದು, ಇದು ಕಿರಿಯವನದ್ದು ಎಂದು ಹಂಚುತ್ತಾರೆ. ರೂಟರ್ ಮಾಡುವುದು ಇದನ್ನೇ. ಹೊರಗಿನ ಜಗತ್ತಿಗೆ ಮನೆಗೆಲ್ಲ ಒಂದೇ ವಿಳಾಸ. ಒಳಗೆ ಪ್ರತಿ ಮೊಬೈಲಿಗೂ ಟಿವಿಗೂ ರೂಟರೇ ಒಂದೊಂದು ನಂಬರು ಕೊಡುತ್ತದೆ. 192.168 ಎಂದು ಶುರುವಾಗುವ ನಂಬರು ನೀವು ನೋಡಿರಬಹುದು. ಇಂಥ ಮನೆಯೊಳಗಿನ ನಂಬರುಗಳನ್ನು ಜಗತ್ತಿಗೆಲ್ಲ ಸಮಾನವಾಗಿ ಮೀಸಲಿಟ್ಟ ಈಗಿನ ನಿಯಮ 1996ರದ್ದು. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ನನ್ನ ಮನೆಯಲ್ಲೂ ಇರಬಹುದು. ಪ್ರತಿ ಮನೆಯಲ್ಲೂ ಒಬ್ಬ "ಅಣ್ಣ" ಇರುವ ಹಾಗೆ, ಗೊಂದಲವಿಲ್ಲ.

ಹಾಗಾದರೆ ಎರಡು ಡಬ್ಬಿ ಯಾಕೆ?

ಒಂದು, ಜಾಗ. ಫೈಬರಿನವರು ಕಂಬದಿಂದ ಹತ್ತಿರವಾದ ಮೂಲೆಯಲ್ಲಿ ಒಳಗೆ ಬರುತ್ತಾರೆ. ನಮ್ಮಲ್ಲಿ ಅದು ಜಗಲಿಯ ಕೊನೆ ಅಥವಾ ಸೈಕಲ್ ಇಡುವ ಜಾಗ. ಅಲ್ಲೇ ವೈಫೈಯೂ ಇದ್ದರೆ ಅರ್ಧ ಸಿಗ್ನಲ್ ಅಂಗಳದ ತುಳಸಿಕಟ್ಟೆಗೆ ಸಿಗುತ್ತದೆ. ಮೋಡೆಮ್ ಅಲ್ಲೇ ಇರಲಿ. ಅದರಿಂದ ಒಂದು ಲ್ಯಾನ್ ಕೇಬಲ್ ಎಳೆದು ರೂಟರನ್ನು ಮನೆಯ ನಡುವೆ, ಚಾವಡಿಯಲ್ಲಿ, ಆಳೆತ್ತರದಲ್ಲಿ ಇಡಿ. ಮುರಕಲ್ಲಿನ ದಪ್ಪ ಗೋಡೆ ಅಂದರೆ ವೈಫೈಗೆ ದೊಡ್ಡ ಸಂಕಟ. ಒಂದು ಗೋಡೆ ದಾಟುವಾಗ ಬಳಲುತ್ತದೆ, ಎರಡನೆಯದರಲ್ಲಿ ಕೂತುಬಿಡುತ್ತದೆ. ವೈಫೈಯ ಎರಡು ಬಗೆಯ ಅಲೆಗಳಲ್ಲಿ 5 ಗಿಗಾಹರ್ಟ್ಸಿನದ್ದು ವೇಗದ ಕುದುರೆ, ಆದರೆ ಗೋಡೆ ಕಂಡರೆ ಹಿಂಜರಿಯುತ್ತದೆ. 2.4 ನಿಧಾನ, ಗೋಡೆಯನ್ನು ಅದಕ್ಕಿಂತ ಚೆನ್ನಾಗಿ ದಾಟುತ್ತದೆ. ನೀರು ಎರಡನ್ನೂ ಹೀರುತ್ತದೆ, ಮಳೆಗೆ ನೆನೆದ ಮರಗಳ ನಡುವೆ ತೋಟಕ್ಕೆ ವೈಫೈ ಬರಲಿ ಎಂದು ಕಾಯಬೇಡಿ. ಫ್ರಿಜ್ಜಿನ ಹಿಂದೆ, ಕಬ್ಬಿಣದ ಕಪಾಟಿನೊಳಗೆ, ಟಿವಿಯ ಬೆನ್ನಿಗೆ ರೂಟರ್ ಇಡುವವರನ್ನು ನೋಡಿದ್ದೇನೆ. ಚಂದ ಕಾಣುವುದಿಲ್ಲ ಅಂತೆ! ಒಂದು ಮನೆಯಲ್ಲಿ ದೇವರ ಫೋಟೊದ ಹಿಂದೆ ಇತ್ತು. ಭಕ್ತಿ ದೊಡ್ಡದು, ಸಿಗ್ನಲ್ ಸಣ್ಣದು.

ಇನ್ನೊಂದು ಕಾರಣ, ಕಂಪೆನಿ ಬದಲಾಯಿಸುವಾಗಿನದ್ದು. ಕೇರಳದಲ್ಲಿ ಈಗ ಕೇಬಲಿನವರೂ ಇದ್ದಾರೆ, ದೊಡ್ಡ ಕಂಪೆನಿಗಳೂ ಇವೆ, 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಸರಕಾರದ ಕೆ-ಫೋನ್ ಕೂಡ ಇದೆ. ನಾಳೆ ನೀವು ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲಿಗೆ ಹೋಗಬಹುದು. ಒಂದೇ ಡಬ್ಬಿಯಾದರೆ ಅದನ್ನು ಕಿತ್ತುಕೊಂಡು ಹೋಗುತ್ತಾರೆ, ವೈಫೈಯ ಹೆಸರು ಪಾಸ್‌ವರ್ಡ್ ಎಲ್ಲ ಹೋಯಿತು. ಟಿವಿಗೆ, ಕ್ಯಾಮೆರಾಕ್ಕೆ, ಅಜ್ಜನ ಫೋನಿಗೆ, ಮಕ್ಕಳ ಲ್ಯಾಪ್‌ಟಾಪಿಗೆ ಮತ್ತೆ ಮೊದಲಿನಿಂದ ಕೊಡಬೇಕು. ರೂಟರ್ ನಿಮ್ಮದಾದರೆ ಹಿಂದಿನ ಒಂದು ವೈರು ಮಾತ್ರ ಬದಲಾಗುತ್ತದೆ. ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ.

1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆ ಬಿಟ್ಟು ಕದಲದೆ ಮದ್ರಾಸಿನಿಂದ ಕೇರಳಕ್ಕೆ ರಾಜ್ಯ ಬದಲಾಯಿಸಿದವರು. ಹೊರಗಿನ ಬೋರ್ಡು ಬದಲಾಯಿತು, ಚಾವಡಿಯ ಮಾತು ಬದಲಾಗಲಿಲ್ಲ. ರೂಟರಿನ ವಿಷಯದಲ್ಲಿ ನಾನು ಕೇಳುವುದೂ ಅಷ್ಟೇ. (ಇದಕ್ಕೆ ನಕ್ಕವರು ಐವತ್ತು ದಾಟಿದವರು ಮಾತ್ರ.)

ಜೋಡಿಸುವ ಕ್ರಮಕ್ಕೆ ಬರೋಣ. ರೂಟರಿನ ಹಿಂದೆ ಒಂದು ತೂತು ಉಳಿದವಕ್ಕಿಂತ ಬೇರೆ ಬಣ್ಣದ್ದಿರುತ್ತದೆ, ಹೆಚ್ಚಾಗಿ ನೀಲಿ. ವ್ಯಾನ್ (WAN) ಎಂದು ಬರೆದಿರುತ್ತದೆ, ಹೊರಗಿನ ಲೈನು ಬರುವ ತೂತು ಅದು. ಮೋಡೆಮ್‌ನ ಲ್ಯಾನ್ ತೂತಿನಿಂದ ರೂಟರಿನ ವ್ಯಾನ್ ತೂತಿಗೆ ಒಂದು ಕೇಬಲ್. ಮೊದಲು ಮೋಡೆಮ್ ಆನ್ ಮಾಡಿ. ಒಂದು ಚಹಾ ಸೋಸುವಷ್ಟು ಹೊತ್ತು ಬಿಡಿ. ಅದರ ಪಾನ್ ಎಂಬ ಹಸಿರು ಲೈಟು ಮಿಟುಕುವುದು ನಿಂತು ಸ್ಥಿರವಾದ ಮೇಲೆ ರೂಟರ್ ಆನ್ ಮಾಡಿ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲು ಇದೆ. ಕಂಪೆನಿ ಕೊಟ್ಟ ಮೋಡೆಮ್‌ನೊಳಗೂ ಒಂದು ರೂಟರ್ ಅಡಗಿ ಕುಳಿತಿರುತ್ತದೆ. ಅದನ್ನು ಹಾಗೇ ಬಿಟ್ಟು ನಿಮ್ಮ ರೂಟರ್ ಸೇರಿಸಿದರೆ ಮನೆಗೆ ಇಬ್ಬರು ಯಜಮಾನರಾದರು. ಕಾಗದ ಮೊದಲು ದೊಡ್ಡಜ್ಜನ ಕೈಗೆ, ಅಲ್ಲಿಂದ ಅಜ್ಜನ ಕೈಗೆ. ಯೂಟ್ಯೂಬ್ ನೋಡುವುದಕ್ಕೆ, ವಾಟ್ಸ್ಆಪಿಗೆ ಏನೂ ತೊಂದರೆ ಇಲ್ಲ. ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ, ಇಂಟರ್ನೆಟ್ಟಿನಲ್ಲಿ ಅದನ್ನೊಂದು ಮಹಾರೋಗದ ಹಾಗೆ ವರ್ಣಿಸುತ್ತಾರೆ. ಅಷ್ಟಿಲ್ಲ. ಕೆಲವು ಆಟಗಳಿಗೆ, ಹೊರಗಿನಿಂದ ನೇರವಾಗಿ ಮನೆಯ ಯಂತ್ರಕ್ಕೆ ಬರಬೇಕೆನ್ನುವವರಿಗೆ ಮಾತ್ರ ಕಿರಿಕಿರಿ. ಆದರೆ ಒಂದು ವಿಷಯ ನೋಡಿಕೊಳ್ಳಬೇಕು. ಇಬ್ಬರು ಯಜಮಾನರೂ ತಮ್ಮ ನಂಬರು 192.168.1.1 ಎಂದರೆ ಜಗಳ. ಪೇಜು ತೆರೆಯುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಕೆಲವು ಹೊಸ ರೂಟರುಗಳು ತಾವೇ ಜಾಗ ಬಿಟ್ಟುಕೊಡುತ್ತವೆ. ಇಲ್ಲದಿದ್ದರೆ ನಿಮ್ಮ ರೂಟರಿನದ್ದನ್ನು 192.168.50.1 ಎಂದು ಬದಲಾಯಿಸಿ. ಜೊತೆಗೆ ಮೋಡೆಮ್‌ನ ವೈಫೈಯನ್ನು ಆಫ್ ಮಾಡಿ. ಎರಡು ವೈಫೈ ಒಂದರ ಮೇಲೊಂದು ಕೂಗಾಡುವುದು ಬೇಡ.

ಸರಿಯಾದ ದಾರಿ ಬ್ರಿಜ್ ಮೋಡ್. ಮೋಡೆಮ್‌ನೊಳಗಿನ ರೂಟರನ್ನು ಮಲಗಿಸಿ, ಅದನ್ನು ಬರೀ ದಂಬೆ ಮಾಡುವುದು: ಈಚೆಯಿಂದ ಬಂದದ್ದು ಆಚೆ. ಆಗ ಕಂಪೆನಿಯ ಯೂಸರ್ ನೇಮ್, ಪಾಸ್‌ವರ್ಡನ್ನು ನಿಮ್ಮ ರೂಟರಿಗೆ ಹಾಕಬೇಕು. ಪಿಪಿಪಿಒಇ ಎಂಬ ಕ್ರಮ ಇದು. ಕೆಲವರು ವಿಎಲ್ಯಾನ್ ನಂಬರೊಂದನ್ನೂ ಕೊಡುತ್ತಾರೆ. ಆ ಮೂರನ್ನೂ ಕೇಳಿ ಒಂದು ಚೀಟಿಯಲ್ಲಿ ಬರೆದು ಪಂಚಾಂಗದೊಳಗೆ ಇಟ್ಟುಕೊಳ್ಳಿ. ನಮ್ಮ ಮನೆಯದ್ದನ್ನು ಬ್ರಿಜ್ ಮಾಡಿಸಲು ಕಸ್ಟಮರ್ ಕೇರಿಗೆ ಫೋನು ಮಾಡಿದಾಗ ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಹಿಂದಿಗೆ ಮೂರು ಒತ್ತಿ ಎಂದಿತು ಯಂತ್ರ. ನಮ್ಮ ಭಾಷೆಗೆ ಒತ್ತಲು ಗುಂಡಿಯೇ ಇರಲಿಲ್ಲ. ಒಂದನ್ನೇ ಒತ್ತಿದೆ. ಮೂರು ದಿನ ಮೂವರು ಮೂರು ಥರ ಹೇಳಿದರು. ಕೊನೆಗೆ ಅವತ್ತು ಗೋಡೆಗೆ ಮೊಳೆ ಹೊಡೆದ ಹುಡುಗನ ನಂಬರು ಹುಡುಕಿ ತುಳುವಿನಲ್ಲಿ ಕೇಳಿದೆ. ಐದು ನಿಮಿಷದಲ್ಲಿ ಆಯಿತು. ಆದ್ದರಿಂದ ಹುಡುಗನ ನಂಬರು ಇಟ್ಟುಕೊಳ್ಳಿ. ಬ್ರಿಜ್ ಮಾಡುವ ಮೊದಲು, ಆ ಡಬ್ಬಿಯಲ್ಲೇ ಲ್ಯಾಂಡ್‌ಫೋನೂ ಇದ್ದರೆ ಅದು ನಿಲ್ಲುತ್ತದೋ ಎಂದು ಕೇಳಿಕೊಳ್ಳಿ. ಕೆಲವು ಕಡೆ ಹಳೆಯ ಡಬ್ಬಿಯ ಮ್ಯಾಕ್ ಎಂಬ ಗುರುತು ಸಂಖ್ಯೆಗೆ ಲೈನನ್ನು ಕಟ್ಟಿಹಾಕಿರುತ್ತಾರೆ. ಹೊಸ ರೂಟರಿಗೆ ನೆಟ್ ಬಾರದಿದ್ದರೆ "ಮ್ಯಾಕ್ ಬಿಡಿಸಿ" ಎಂದು ಹೇಳಿ, ಅವರಿಗೆ ಗೊತ್ತಾಗುತ್ತದೆ.

ಬ್ರಿಜ್‌ಗೆ ಕಂಪೆನಿ ಒಪ್ಪದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹೊರಗಿನಿಂದ ಸಿಸಿ ಕ್ಯಾಮೆರಾ ನೋಡಲಾಗುವುದಿಲ್ಲ ಎಂದು ಒಬ್ಬರು ಗೋಳಾಡಿದ್ದರು. ಅವರ ರೂಟರ್ ತೋರಿಸುತ್ತಿದ್ದ ವ್ಯಾನ್ ವಿಳಾಸ 100.70ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಕಂಪೆನಿಗಳ ಒಳಬಳಕೆಗೆ ಮೀಸಲಿಟ್ಟರು. ಜಗತ್ತಿನಲ್ಲಿ ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿಯುತ್ತ ಬಂದವು, ಆದ್ದರಿಂದ ಇಡೀ ಗ್ರಾಮಕ್ಕೆ ಒಂದೇ ವಿಳಾಸ ಕೊಟ್ಟು ಒಳಗೆ ಹಂಚುತ್ತಾರೆ. ಅಂದರೆ ಅಜ್ಜ, ದೊಡ್ಡಜ್ಜ ಮಾತ್ರವಲ್ಲ, ಪೋಸ್ಟಾಫೀಸಿನಲ್ಲಿ ಮುತ್ತಜ್ಜನೂ ಒಬ್ಬ ಕುಳಿತಿದ್ದಾನೆ. ನೀವು ಮನೆಯಲ್ಲಿ ಎಷ್ಟು ಶುದ್ಧ ಬ್ರಿಜ್ ಮಾಡಿದರೂ ಮುತ್ತಜ್ಜ ಏಳುವುದಿಲ್ಲ. ಕ್ಯಾಮೆರಾ ಕಂಪೆನಿಯ ಆಪ್ ಮೂಲಕ ನೋಡಿದರೆ ಆಯಿತು, ಅದು ಒಳಗಿನಿಂದ ಹೊರಗೆ ತಾನೇ ದಾರಿ ಮಾಡಿಕೊಳ್ಳುತ್ತದೆ.

ಈಗ ವೈರು. ಇದನ್ನು ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಜನ ಐದು ಸಾವಿರದ ರೂಟರ್ ಕೊಂಡು ಇಪ್ಪತ್ತು ರೂಪಾಯಿಯ ಕನೆಕ್ಟರಿನಲ್ಲಿ ಸೋಲುತ್ತಾರೆ.

ನನ್ನ ಭಾವನ ಮನೆಯಲ್ಲಿ 200 ಎಂಬಿಪಿಎಸ್ ಪ್ಲಾನ್ ಹಾಕಿಸಿದರು. ಮೊಬೈಲಿನಲ್ಲಿ ಅಳೆದರೆ 94. ಬೆಳಿಗ್ಗೆ ಅಳೆದರೂ 94, ರಾತ್ರಿ ಅಳೆದರೂ 94. ಕಂಪೆನಿ ಮೋಸ ಮಾಡುತ್ತಿದೆ ಎಂದು ಭಾವ ಕಾಗದ ಬರೆಯಲು ಕೂತಿದ್ದರು. ನಾನು ಹೇಳಿದೆ, ಮೋಸ ಮಾಡುವವರು ಇಷ್ಟು ಕರಾರುವಾಕ್ಕಾಗಿ ಮಾಡುವುದಿಲ್ಲ ಭಾವ, ಇದು ವೈರಿನ ಕೆಲಸ. ಲ್ಯಾನ್ ಕೇಬಲಿನೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಒಂದೇ ಒಂದು ಎಳೆ ತುಂಡಾದರೂ ಹೆಚ್ಚಿನ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಆ 100ರಲ್ಲಿ ಲೆಕ್ಕಪತ್ರದ ಖರ್ಚು ಕಳೆದು ಕೈಗೆ ಬರುವುದು 94, 95. ಆದ್ದರಿಂದ 94 ಎಂಬ ಅಂಕಿ ಕಂಡರೆ ಕಂಪೆನಿಯನ್ನಲ್ಲ, ಕೇಬಲನ್ನು ನೋಡಿ. ಅಥವಾ ರೂಟರೇ ಹಳೆಯದು, ಅದರ ತೂತು 100ರದ್ದು. ಭಾವನ ಮನೆಯಲ್ಲಿ ಕನೆಕ್ಟರಿನೊಳಗೆ ಕಂದು ಎಳೆ ಮುಟ್ಟಿಯೇ ಇರಲಿಲ್ಲ. ಕತ್ತರಿಸಿ ಹೊಸದಾಗಿ ಒತ್ತಿದೆವು. ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಕೂತಿರುವುದನ್ನು ಗಮನಿಸಿ, ಎಲ್ಲರೂ ತಪ್ಪುವುದು ಅಲ್ಲೇ.

ಅಂದ ಹಾಗೆ, 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿಯ ಸಿನಿಮಾ ಇಳಿಯುತ್ತದೆ ಎಂದಲ್ಲ. ಅಲ್ಲಿ ಲೆಕ್ಕ ಬಿಟ್‌ನದ್ದು, ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ ಎಂಬಿ.

ಇನ್ನು ನನ್ನದೇ ಒಂದು ಮೂರ್ಖತನ. ನಮ್ಮ ಮನೆಯಿಂದ ಅಡಕೆ ಒಣಗಿಸುವ ಅಂಗಳದ ಆಚೆಗೆ ಕೆಲಸದವರ ಒಂದು ಬಿಡಾರ ಇದೆ. ಸುಮಾರು 80 ಮೀಟರ್. ಲ್ಯಾನ್ ಕೇಬಲ್ 100 ಮೀಟರಿನವರೆಗೆ ಎಳೆಯಬಹುದು ಎಂಬುದು ನಿಯಮ. ಸಾಕಲ್ಲ ಎಂದು ಮರದಿಂದ ಮರಕ್ಕೆ ಕಟ್ಟಿ ಎಳೆದೆ. ನನಗೇ ಹೆಮ್ಮೆಯಾಗಿತ್ತು. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮುಂಚಿನ ಒಂದು ಸಂಜೆ ಗುಡುಗು ಬಂತು. ಸಿಡಿಲು ನಮ್ಮ ಮನೆಗೆ ಹೊಡೆಯಲೇ ಇಲ್ಲ, ಆಚೆ ಗುಡ್ಡದ ತೆಂಗಿಗೆ ಹೊಡೆಯಿತು. ಆದರೆ ಗಾಳಿಯಲ್ಲಿ ತೂಗುತ್ತಿದ್ದ 80 ಮೀಟರ್ ತಾಮ್ರ ಅದರ ಹೊಡೆತವನ್ನು ಹೀರಿಕೊಂಡು ನೇರ ರೂಟರಿಗೆ ತಂದು ಸುರಿಯಿತು. ರೂಟರ್ ಹೋಯಿತು, ಟಿವಿ ಹೋಯಿತು, ಬಿಡಾರದ ಡಬ್ಬಿಯೂ ಹೋಯಿತು. ತಾಮ್ರ ಕಟ್ಟಡದಿಂದ ಕಟ್ಟಡಕ್ಕೆ ಹೋಗಬಾರದು. ಈಗ ಅದೇ ದಾರಿಯಲ್ಲಿ ಲೋಹವಿಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ಇಟ್ಟಿದ್ದೇನೆ. ಗಾಜಿನಲ್ಲಿ ಸಿಡಿಲು ಓಡುವುದಿಲ್ಲ. ಆದರೆ ಒಂದು ಎಚ್ಚರ: ಕಂಬದಿಂದ ಮನೆಗೆ ಬರುವ ಫೈಬರಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಜೊತೆಗೆ ಅಡಾಪ್ಟರಿನ ಮೂಲಕ ಕರೆಂಟಿನ ಲೈನಿನಿಂದಲೂ ಹೊಡೆತ ಬರುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ಮೋಡದಿಂದ ನೆಲಕ್ಕೆ ಹಾರಿ ಬಂದದ್ದು, ಸ್ವಿಚ್ಚಿನೊಳಗಿನ ಸಣ್ಣ ಸಂದು ಅದಕ್ಕೆ ಲೆಕ್ಕವಾ?

ಪಾಸ್‌ವರ್ಡಿನ ವಿಷಯ ಬೇಗ ಮುಗಿಸುತ್ತೇನೆ. ವೈಫೈಯದ್ದು ಒಂದು, ರೂಟರಿನ ಒಳಕೋಣೆಗೆ ಹೋಗುವ ಆಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಎರಡನೆಯದನ್ನು ಬಹುತೇಕರು ಮುಟ್ಟುವುದೇ ಇಲ್ಲ. ಅದು "ಆಡ್ಮಿನ್" ಎಂದೇ ಇದ್ದರೆ ಇವತ್ತೇ ಬದಲಾಯಿಸಿ. ಭದ್ರತೆಯಲ್ಲಿ ಡಬ್ಲ್ಯುಪಿಎ2 ಅಥವಾ 3 ಇಡಿ. ಗುಂಡಿ ಒತ್ತಿ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿ, ಅದರ ಪಿನ್ ಕ್ರಮದಲ್ಲಿ ಲೋಪವಿದೆ ಎಂದು 2011ರಲ್ಲೇ ಬಯಲಾಗಿದೆ. ನೆಂಟರಿಗೆ ಗೆಸ್ಟ್ ವೈಫೈ ಮಾಡಿ. ಪೂಜೆಗೆ ಬಂದ ಐವತ್ತು ಜನರಿಗೂ ಮನೆಯ ಪಾಸ್‌ವರ್ಡ್ ಹೇಳಿದ ಮೇಲೆ ಅದು ಪಾಸ್‌ವರ್ಡ್ ಅಲ್ಲ, ಪ್ರಸಾದ.

ಕರೆಂಟಿನ ವಿಷಯ ಅತ್ತೆಯ ಕಥೆಯಲ್ಲೇ ಬಂತು. ಎರಡೂ ಡಬ್ಬಿ ಇನ್ವರ್ಟರಿನ ಲೈನಿನಲ್ಲಿರಬೇಕು. ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ಎರಡೂ ಅಡಾಪ್ಟರುಗಳನ್ನು ತಿರುಗಿಸಿ ವೋಲ್ಟ್, ಆಂಪಿಯರ್ ಓದಿ. ಕೆಲವು ರೂಟರುಗಳು 9 ವೋಲ್ಟಿನವು, ಅದಕ್ಕೆ 12 ಕೊಟ್ಟರೆ ಹೊಗೆ ಬರಬಹುದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ನೆನಪಿದ್ದಷ್ಟು ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: "ರಾತ್ರಿ ಆಫ್ ಮಾಡಿದರೆ ಕರೆಂಟು ಉಳಿಯುತ್ತದಾ?" ಉಳಿಯುತ್ತದೆ, ಹೆಚ್ಚೇನಿಲ್ಲ. ಒಂದು ಡಬ್ಬಿ ಹತ್ತು ವಾಟ್ ಎಂದಿಟ್ಟುಕೊಳ್ಳಿ. ದಿನವಿಡೀ ಉರಿದರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ರಾತ್ರಿ ಎಂಟು ಗಂಟೆ ಆಫ್ ಮಾಡಿದರೆ ಅದರಲ್ಲಿ ಮೂರನೇ ಒಂದು ಪಾಲು. "ಹಾಗಾದರೆ ಬಿಡಿ, ಸೊಳ್ಳೆ ಬ್ಯಾಟಿನ ಚಾರ್ಜಿಗೆ ಸಮ" ಎಂದು ಅವರೇ ತೀರ್ಮಾನ ಕೊಟ್ಟರು. ಲ್ಯಾಂಡ್‌ಫೋನು ಮೋಡೆಮ್‌ನಿಂದ ಬರುವ ಮನೆಯಲ್ಲಿ ಅದನ್ನಂತೂ ಆಫ್ ಮಾಡಬೇಡಿ ಎಂದೆ, ರಾತ್ರಿ ಆಸ್ಪತ್ರೆಗೆ ಫೋನು ಮಾಡಬೇಕಾದೀತು.

ಕಾಲೇಜಿನ ಹುಡುಗಿಯೊಬ್ಬಳ ಪ್ರಶ್ನೆ ಒಳ್ಳೆಯದಿತ್ತು: "ಅಣ್ಣ, ತಪ್ಪು ಎಲ್ಲಿ ಅಂತ ನಾವೇ ಕಂಡುಹಿಡಿಯುವುದು ಹೇಗೆ?" ಮೂರು ಕಡೆ ಅಳೆಯಬೇಕು. ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ಮೋಡೆಮ್‌ಗೆ ಸೇರಿಸಿ ಒಮ್ಮೆ. ಅಲ್ಲೇ ವೇಗ ಕಡಿಮೆ ಇದ್ದರೆ ಕಂಪೆನಿಯ ತಪ್ಪು, ಧೈರ್ಯವಾಗಿ ಫೋನು ಮಾಡು. ಬ್ರಿಜ್ ಮಾಡಿದ ಮನೆಯಾದರೆ ಈ ಹಂತದಲ್ಲಿ ಆ ಯೂಸರ್ ನೇಮನ್ನು ಲ್ಯಾಪ್‌ಟಾಪಿಗೇ ಹಾಕಬೇಕು. ಆಮೇಲೆ ರೂಟರಿಗೆ ಕೇಬಲಿನಲ್ಲಿ ಸೇರಿಸಿ ಒಮ್ಮೆ. ಇಲ್ಲಿ ಬಿದ್ದರೆ ನಡುವಿನ ವೈರು ಅಥವಾ ರೂಟರ್. ಎರಡೂ ಸರಿಯಿದ್ದು ವೈಫೈಯಲ್ಲಿ ಮಾತ್ರ ಬಿದ್ದರೆ ಗೋಡೆ, ದೂರ, ಇಲ್ಲವೇ ಪಕ್ಕದ ಮನೆಯ ವೈಫೈಯೂ ಅದೇ ಚಾನೆಲಿನಲ್ಲಿರುವುದು. 2.4ರಲ್ಲಿ 1, 6, 11 ಎಂಬ ಮೂರು ಚಾನೆಲ್ ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ, ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಮ್ಮಲ್ಲಿ ಪಕ್ಕದ ಮನೆ ಎಂದರೆ ತೋಟದ ಆಚೆ ಬದಿ, ಆ ತೊಂದರೆ ಕಾಸರಗೋಡು ಪೇಟೆಯ ಫ್ಲ್ಯಾಟಿನವರಿಗೆ.

ಕೊನೆಗೆ ವಾಚನಾಲಯದವರು "ಇಲ್ಲಿಯದ್ದನ್ನೇ ಒಮ್ಮೆ ಮಾಡಿ ತೋರಿಸಿ" ಎಂದರು. ಅಲ್ಲಿ ಒಂದೇ ಡಬ್ಬಿ ಇತ್ತು, ನನ್ನ ಚೀಲದಲ್ಲಿ ಹಳೆಯ ರೂಟರೊಂದಿತ್ತು. ಕೇಬಲಿನ ಹುಡುಗನಿಗೆ ಫೋನು ಮಾಡಿ ಬ್ರಿಜ್ ಮಾಡಿಸಿದೆವು. ಯೂಸರ್ ನೇಮ್ ಹಾಕಿದ್ದಾಯಿತು, ವ್ಯಾನ್ ಲೈಟು ಹಸಿರಾಯಿತು, ಮಕ್ಕಳು ಚಪ್ಪಾಳೆ ಹೊಡೆದರು. ಎಲ್ಲರ ಮೊಬೈಲಿನಲ್ಲೂ ಹೊಸ ವೈಫೈಯ ಹೆಸರು ಬಂತು. ಅಷ್ಟರಲ್ಲಿ ಹೊರಗೆ ಗಾಳಿ ಎದ್ದು ಕರೆಂಟು ಹೋಯಿತು. ಇನ್ವರ್ಟರಿನ ಒಂದು ಟ್ಯೂಬ್‌ಲೈಟು ಹೊತ್ತಿಕೊಂಡಿತು. ಹಿಂದಿನ ಬೆಂಚಿನಿಂದ ಅತ್ತೆಯ ಸ್ವರ ಕೇಳಿತು: "ಮಗಾ, ಈಗ ವೈಫೈಯೂ ಇಲ್ಲ."

ರೂಟರಿನ ಪ್ಲಗ್ಗನ್ನು ನಾನು ಕೈಗೆ ಸಿಕ್ಕಿದ ಬೋರ್ಡಿಗೆ ಚುಚ್ಚಿದ್ದೆ. ಅದು ನೇರ ಕರೆಂಟಿನ ಬೋರ್ಡು.